ಹಳೆಯ ಅಂಗಡಿಮಾಳಿಗೆಯ ತಾರಸಿ ದುರಸ್ತಿ: ಆರು ತಿಂಗಳ ಕೆಲಸದ ದಾಖಲೆ

ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಹಿಂಬದಿಯ ಓಣಿಯೊಂದರಲ್ಲಿ ನಮ್ಮ ಕುಟುಂಬದ ಅಂಗಡಿಯಿದೆ. ಕೆಳಗೆ ವ್ಯಾಪಾರ, ಮೇಲೆ ದಾಸ್ತಾನು. ಮುಂದಿನ ಅರ್ಧಕ್ಕೆ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಚಿಕ್ಕ ಇಟ್ಟಿಗೆ ಕೂರಿಸಿ ಸುಣ್ಣದ ಪದರ ಹಾಕಿದ ಮಟ್ಟಸ ಮಾಳಿಗೆ; ಹಿಂದಿನ ಅರ್ಧಕ್ಕೆ ಮಂಗಳೂರು ಹೆಂಚು. ಮುಖದ ಅಗಲ 14 ಅಡಿ, ಗೋಡೆಗಳ ದಪ್ಪ 18 ಇಂಚು, ಒಳಗಿನ ಅಗಲ 11 ಅಡಿ, ತಾರಸಿಯ ಉದ್ದ 22 ಅಡಿ. ಯಾವ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿಯೂ ಇದರ ಹೆಸರಿಲ್ಲ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತಾಗ, ಮತ್ತೆ 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆ ಬಿದ್ದಾಗ, ನಮ್ಮ ಓಣಿಯಲ್ಲಿಯೂ ಮೂರು ಹಳೆಯ ಮಾಳಿಗೆಗಳನ್ನು ಅವುಗಳ ಮಾಲೀಕರು ಕೆಡವಿಸಿದರು. ನಾವು ಕೆಡವಲಿಲ್ಲ. ಆದರೆ ಉಳಿಸಿಕೊಳ್ಳಲು ಮಾಡಬೇಕಾದುದನ್ನೂ ಬಹಳ ವರ್ಷ ಮಾಡಲಿಲ್ಲ. ಆ ಕೆಲಸ 2023ರ ನವೆಂಬರ್‌ನಲ್ಲಿ ಆರಂಭವಾಗಿ, ಒಂದು ಭಾಗವನ್ನು ಬಿಟ್ಟು, 2024ರ ಮೇ ತಿಂಗಳಲ್ಲಿ ಮುಗಿಯಿತು. ಇಂಥದೇ ಮಾಳಿಗೆಯ ಕೆಳಗೆ ವ್ಯಾಪಾರ ಮಾಡುತ್ತಿರುವವರಿಗೆ ನೆರವಾಗಲೆಂದು ಅಳತೆ, ಖರ್ಚು ಮತ್ತು ತಪ್ಪುಗಳ ಸಮೇತ ಬರೆದಿಟ್ಟಿದ್ದೇನೆ.

ನವೆಂಬರ್ 20: ಪರಿಶೀಲನೆ

ಸೋರುವಿಕೆ ಹೊಸದಲ್ಲ. 1980ರ ದಶಕದಲ್ಲಿ ತಂದೆಯವರು ತಾರಸಿಯ ಮೇಲೆ ಎರಡು ಇಂಚು ಸಿಮೆಂಟ್ ಗಾರೆ ಹಾಕಿಸಿದ್ದರು. ಅದರ ಮೇಲೆ ನಾನು 2022ರಲ್ಲಿ 18,500 ರೂಪಾಯಿ ಕೊಟ್ಟು ನೀರು ತಡೆಯುವ ಬಣ್ಣ ಬಳಿಸಿದೆ. ಮರುವರ್ಷದ ಮಳೆಗಾಲದಲ್ಲಿ ಸೋರುವುದು ಇನ್ನೂ ಹೆಚ್ಚಾಯಿತು, ಬಣ್ಣ ಬೊಬ್ಬೆಯೆದ್ದಿತು. ಬೊಬ್ಬೆಯೊಂದನ್ನು ಚೂರಿಯ ತುದಿಯಿಂದ ಸೀಳಿದಾಗ, ಮಳೆ ನಿಂತು ಹನ್ನೊಂದು ದಿನವಾಗಿದ್ದರೂ ಒಳಗಿನಿಂದ ನೀರು ಜಿನುಗಿತು. ಸಿಮೆಂಟಿನ ಕೂದಲೆಳೆ ಬಿರುಕುಗಳಲ್ಲಿ ಇಳಿದ ನೀರು ಕೆಳಗಿನ ಸುಣ್ಣದ ಪದರದಲ್ಲಿ ನಿಂತಿತ್ತು. ಮೇಲೆ ಹೋಗಿ ಆರಲು ಸಿಮೆಂಟ್ ಬಿಡಲಿಲ್ಲ, ಬಣ್ಣವಂತೂ ಪೂರ್ತಿ ಮುಚ್ಚಿಹಾಕಿತು. ಅದಕ್ಕೆ ಉಳಿದಿದ್ದ ದಾರಿ ಪಕ್ಕಕ್ಕೆ ಹರಿದು ತೊಲೆಗಳ ತುದಿಗೆ ಇಳಿಯುವುದೊಂದೇ.

ಪರಿಶೀಲನೆಗೆ ಬಳಸಿದ್ದು ಮೂರೇ ಸಾಮಾನು: ಚೂಪು ಮಾಡಿದ ಕಬ್ಬಿಣದ ಸಲಾಕೆ, ತೂಗುಗುಂಡು, ಒಳ್ಳೆಯ ಟಾರ್ಚ್. ತಾರಸಿಯನ್ನು ಹೊತ್ತ ಸಾಗುವಾನಿ ತೊಲೆಗಳು ಒಟ್ಟು 14. ಒಂದೊಂದೂ 4 ಇಂಚು ಅಗಲ, 6 ಇಂಚು ಎತ್ತರ, ನಡುವಿನಿಂದ ನಡುವಿಗೆ 18 ಇಂಚು ಅಂತರ. ಪ್ರತಿ ತೊಲೆಯನ್ನೂ ಗೋಡೆಯ ಅಂಚಿನಲ್ಲಿ ಸಲಾಕೆಯಿಂದ ಚುಚ್ಚಿ ನೋಡಿದೆ. ಹತ್ತರಲ್ಲಿ ಸಲಾಕೆ ಕಾಲಿಂಚೂ ಇಳಿಯಲಿಲ್ಲ. ಪಶ್ಚಿಮದ ಗೋಡೆಯ ಕಡೆ ಒಂದರ ಪಕ್ಕ ಒಂದಿದ್ದ ನಾಲ್ಕರಲ್ಲಿ ಮೂರರಿಂದ ನಾಲ್ಕು ಇಂಚು ಇಳಿಯಿತು. ಹೊರಗೆಳೆದಾಗ ತುದಿಗೆ ಅಂಟಿ ಬಂದದ್ದು ನಶ್ಯದಂಥ ಕಂದು ಪುಡಿ.

ಮುಂಭಾಗದ ಕಮಾನಿನ ನೆತ್ತಿಯಲ್ಲಿ 4 ಮಿಲಿಮೀಟರ್ ಬಿರುಕಿತ್ತು. ಕಟ್ಟಡದ ಆಧಾರ ನೋಡುವ ಎಂಜಿನಿಯರ್ ಒಬ್ಬರ ಸಲಹೆಯಂತೆ ಬಿರುಕಿಗೆ ಅಡ್ಡಲಾಗಿ ಮೂರು ತೆಳು ಗಾಜಿನ ಪಟ್ಟಿಗಳನ್ನು ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆದೆ. ಬಿರುಕು ಅಲುಗಿದರೆ ಗಾಜು ಒಡೆಯುತ್ತದೆ.

ಡಿಸೆಂಬರ್ 4ರಿಂದ 8: ಸುಣ್ಣ ಮತ್ತು ಅರಳಿ ಗಿಡ, ಒಟ್ಟಿಗೆ ಎರಡು ತಪ್ಪು

ಹಿತ್ತಿಲಿನಲ್ಲಿ 6 ಅಡಿ ಉದ್ದ, 4 ಅಡಿ ಅಗಲ, 3 ಅಡಿ ಆಳದ ತೊಟ್ಟಿ ಕಟ್ಟಿಸಿ, ಒಂದು ಟನ್ ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಲು ಬಿಟ್ಟೆವು. ಮೊದಲು ನೀರು, ಆಮೇಲೆ ಕಲ್ಲು. ಕುದಿಯುವ ಸುಣ್ಣ ಮುಖಕ್ಕೆ ಹಾರುವುದರಿಂದ ಕನ್ನಡಕವಿಲ್ಲದೆ ಯಾರೂ ಹತ್ತಿರ ಹೋಗಬಾರದು.

ಅದೇ ವಾರ ತಾರಸಿಯ ಅಂಚಿನ ಪ್ಯಾರಾಪೆಟ್ ಗೋಡೆಯಲ್ಲಿದ್ದ ಅರಳಿ ಗಿಡವನ್ನು ತೆಗೆದೆವು. ಗೋಡೆಯ ಮಟ್ಟಕ್ಕೆ ಕಾಂಡವನ್ನು ಕೊಯ್ದು, ಮೇಲೆ ಸುಣ್ಣದ ಗಿಲಾವು ಬಳಿದು ಮುಚ್ಚಿಬಿಡೋಣವೆಂದು ನಾನು ಅವಸರ ಮಾಡಿದೆ. ಆಗ ತೊಟ್ಟಿಯ ಸುಣ್ಣಕ್ಕೆ ನಾಲ್ಕೇ ದಿನ ತುಂಬಿತ್ತು. ಮೇಸ್ತ್ರಿ ಕರಣೆಯಲ್ಲಿ ಸುಣ್ಣ ತೆಗೆದು ಬೆರಳಿನಿಂದ ಉಜ್ಜಿ, "ಸ್ವಾಮಿ, ಈ ಸುಣ್ಣ ಇನ್ನೂ ನೀರು ಕುಡೀತಾ ಇದೆ, ಈಗಲೇ ಬೇಡ" ಎಂದರು. ನಾನು ಕೇಳಲಿಲ್ಲ. 60 ಚದರಡಿ ಬಳಿಸಿದೆ.

ಮೂರು ವಾರಗಳಲ್ಲಿ ಗಿಲಾವಿನ ಮೇಲೆ ಕಡಲೆಕಾಳಿನಷ್ಟು ಗುಳಿಗಳು ಏಳತೊಡಗಿದವು. ಪ್ರತಿ ಗುಳಿಯ ತಳದಲ್ಲಿಯೂ ಒಂದು ಬಿಳಿಯ ಚುಕ್ಕೆ. ಅರಳದೆ ಉಳಿದಿದ್ದ ಸುಣ್ಣದ ಹರಳು ಗೋಡೆಯೊಳಗೆ ಅರಳಿ, ಉಬ್ಬಿ, ತನ್ನ ಮುಂದಿನ ಗಿಲಾವನ್ನು ಒದ್ದು ಹೊರಗೆ ಹಾಕಿತ್ತು. ಜನವರಿ 15ರ ಹೊತ್ತಿಗೆ ಅದೇ ಗಿಲಾವನ್ನು ಸೀಳಿಕೊಂಡು ಅರಳಿಯ ಎರಡು ಕೆಂಪು ಚಿಗುರು ಹೊರಬಂದವು. ಪೂರ್ತಿ ಕೆತ್ತಿಸಿ, ಪ್ಯಾರಾಪೆಟ್‌ನ ನಾಲ್ಕು ವರಸೆ ಇಟ್ಟಿಗೆಯನ್ನು ಒಂದೊಂದಾಗಿ ಬಿಚ್ಚಿ, ಬೇರನ್ನು ಹಿಂಬಾಲಿಸಬೇಕಾಯಿತು. ಹೆಬ್ಬೆರಳು ಗಾತ್ರದ ಬೇರು ಇಟ್ಟಿಗೆಗಳ ನಡುವಿನ ಸುಣ್ಣದ ಸಂದಿನಲ್ಲಿ ಚಪ್ಪಟೆಯಾಗಿ ಏಳು ಅಡಿ ಹರಿದು, ಸರಿಯಾಗಿ ಕೊಳೆತ ತೊಲೆಯ ಗೂಡಿನಲ್ಲಿ ಕೊನೆಯಾಗಿತ್ತು. ಮಳೆನೀರಿಗೆ ಗೋಡೆಯೊಳಗೆ ದಾರಿ ಮಾಡಿಕೊಟ್ಟಿದ್ದು ಅದೇ. ಎರಡು ತಪ್ಪುಗಳನ್ನೂ ತಿದ್ದಲು ಮೇಸ್ತ್ರಿಯ ಮೂರು ದಿನ, ಆಳುಗಳ ಐದು ದಿನ, ಸಾಮಾನು ಸೇರಿ 9,450 ರೂಪಾಯಿ ಹೋಯಿತು.

ಈ ಘಟನೆಯ ನಂತರ, ಮೂರು ವಾರ ನೀರಿನಡಿ ಮುಳುಗಿರದ, ಜರಡಿಯಲ್ಲಿ ಸೋಸದ ಸುಣ್ಣವನ್ನು ಎಲ್ಲಿಯೂ ಬಳಸಲಿಲ್ಲ.

ಡಿಸೆಂಬರ್ 11ರಿಂದ 16: ಸಿಮೆಂಟ್ ತೆಗೆದದ್ದು

ಕೆಟ್ಟ ನಾಲ್ಕು ತೊಲೆಗಳ ಕೆಳಗೆ ಗೋಡೆಯಿಂದ ಎರಡು ಅಡಿ ಒಳಕ್ಕೆ ಅಡ್ಡ ದಿಮ್ಮಿ ಕೊಟ್ಟು, ಅದಕ್ಕೆ ಕಬ್ಬಿಣದ ಜಾಕ್‌ಗಳನ್ನು ನಿಲ್ಲಿಸಿದೆವು. ಮೇಲಿನ ಕೋಣೆಯ ನೆಲವೂ ಮರದ ತೊಲೆಗಳದೇ ಆದುದರಿಂದ, ಆ ಜಾಕ್‌ಗಳ ನೇರಕ್ಕೆ ಕೆಳಗಿನ ಅಂಗಡಿಯಲ್ಲಿಯೂ ಆಸರೆ ಕಂಬಗಳು ಬೇಕಾದವು. ವ್ಯಾಪಾರದ ಅರ್ಧ ಜಾಗ 26 ದಿನ ಹೋಯಿತು.

ಸಿಮೆಂಟ್ ಪದರವನ್ನು ಯಂತ್ರದಿಂದ ಒಡೆಯಬಾರದೆಂದು ಮೇಸ್ತ್ರಿ ಹಟ ಹಿಡಿದರು, ಅದು ಸರಿಯೂ ಆಗಿತ್ತು. ಅದುರಿದರೆ ಕೆಳಗಿನ ಇಟ್ಟಿಗೆಗಳ ಸಂದು ಬಿಡುತ್ತದೆ. ಉಳಿ ಮತ್ತು ಎರಡು ಪೌಂಡಿನ ಸುತ್ತಿಗೆಯಿಂದ ಅಂಗೈಯಗಲದ ತುಂಡುಗಳಾಗಿ ಎಬ್ಬಿಸಿದೆವು. 270 ಚದರಡಿಗೆ ಎರಡು ಇಂಚು ದಪ್ಪವೆಂದರೆ 45 ಘನಅಡಿ. ತೂಕ ಎರಡೂವರೆ ಟನ್ ಮೀರುತ್ತದೆ. ಕಟ್ಟಿದವರು ಲೆಕ್ಕಕ್ಕೆ ಹಿಡಿಯದ ಅಷ್ಟು ಭಾರವನ್ನು ಆ ತೊಲೆಗಳು ಸುಮಾರು ನಲವತ್ತು ವರ್ಷ ಹೊತ್ತಿದ್ದವು.

ಡಿಸೆಂಬರ್ 14ರಂದು ಅಪಾಯವೊಂದು ಸ್ವಲ್ಪದರಲ್ಲಿ ತಪ್ಪಿತು. ಒಡೆದ ತುಂಡುಗಳನ್ನು ಸಂಜೆ ಒಟ್ಟಿಗೆ ಇಳಿಸೋಣವೆಂದು ಪೂರ್ವದ ಮೂಲೆಯಲ್ಲಿ ರಾಶಿ ಹಾಕಿಸಿದ್ದೆ. ಆ ಬದಿಯ ತೊಲೆಗಳು ಗಟ್ಟಿಯಿದ್ದುದರಿಂದ ಅಲ್ಲಿ ಜಾಕ್ ಇರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಒಣ ಕಟ್ಟಿಗೆ ಸೀಳಿದಂಥ ಶಬ್ದ ಕೇಳಿಸಿತು. ಕೆಳಗೆ ಓಡಿ ನೋಡಿದರೆ ಒಂದು ತೊಲೆ ನಡುವಿನಲ್ಲಿ ಮುಕ್ಕಾಲು ಇಂಚು ಬಾಗಿತ್ತು, ಎರಡು ಇಟ್ಟಿಗೆ ಉದುರಿದ್ದವು. ಎಲ್ಲರನ್ನೂ ಹೊರಗೆ ಕಳಿಸಿ, ಆ ತೊಲೆಗೂ ಜಾಕ್ ಕೊಟ್ಟು, ರಾತ್ರಿ ಒಂಬತ್ತರವರೆಗೆ ಬಾಂಡ್ಲಿಯಲ್ಲಿ ರಾಶಿ ಇಳಿಸಿದೆವು. ತೊಲೆ ಮುರಿದಿರಲಿಲ್ಲ, ಭಾರ ಇಳಿದ ಮೇಲೆ ನೆಟ್ಟಗಾಯಿತು. ಯಾರಿಗೂ ಏಟಾಗಲಿಲ್ಲ. ಒಡೆದ ಮಾಲು ತಾರಸಿಯ ಮೇಲೆ ಒಂದು ಗಂಟೆಯೂ ನಿಲ್ಲಬಾರದು. ಇಳಿಸುವ ವ್ಯವಸ್ಥೆ ಮಾಡಿಕೊಂಡ ಮೇಲೆಯೇ ಒಡೆಯಲು ಕೈಹಾಕಬೇಕು.

ಮರುದಿನ ಬೆಳಿಗ್ಗೆ ಕಮಾನಿನ ಮೂರು ಗಾಜಿನ ಪಟ್ಟಿಗಳಲ್ಲಿ ಮೇಲಿನದು ಒಡೆದಿತ್ತು.

ಡಿಸೆಂಬರ್ 18ರಿಂದ 30: ತೊಲೆಗಳ ತುದಿ

ಕೊಳೆತ ತುದಿಗಳನ್ನು 20 ಇಂಚಿನಷ್ಟು ಕತ್ತರಿಸಿ, ಹಳೆಯ ಮನೆ ಕೆಡವಿದ ಸಾಗುವಾನಿಯ ತುಂಡುಗಳನ್ನು 24 ಇಂಚು ಉದ್ದದ ಅರೆಗಚ್ಚು (ಎರಡೂ ಮರಗಳನ್ನು ಅರ್ಧ ದಪ್ಪಕ್ಕೆ ಕೆತ್ತಿ ಒಂದರ ಮೇಲೊಂದು ಕೂರಿಸುವ ಸಂದು) ಹಾಕಿ ಕೂಡಿಸಿ, ಒಂದೊಂದಕ್ಕೆ ನಾಲ್ಕು ತುಕ್ಕು ಹಿಡಿಯದ ಬೋಲ್ಟ್ ಬಿಗಿದೆವು. ಹೊಸ ಮರ ಬೇಡವೆಂದದ್ದು ಬಡಗಿ. ಹಸಿ ಮರ ಒಣಗುತ್ತ ಕುಗ್ಗಿದರೆ ಬೋಲ್ಟ್ ಸಡಿಲವಾಗುತ್ತದೆಂಬ ಅವರ ಮಾತು ನನಗೂ ಒಪ್ಪಿಗೆಯಾಯಿತು.

ಗೋಡೆಯ ಗೂಡುಗಳನ್ನು ಬಿಚ್ಚಿದಾಗ ಮೊದಲು ಕಟ್ಟಿದವರ ಜಾಣತನ ಕಂಡಿತು. ಪ್ರತಿ ತೊಲೆಯ ಕೆಳಗೆ ಒಂದು ಚಪ್ಪಟೆ ಕಲ್ಲಿತ್ತು, ತೊಲೆಯ ಎರಡು ಬದಿಗೂ ತುದಿಗೂ ಅರ್ಧ ಇಂಚು ಗಾಳಿಯಾಡುವ ತೆರಪು ಬಿಟ್ಟಿದ್ದರು. ಗಟ್ಟಿಯಾಗಿ ಉಳಿದ ಹತ್ತು ತೊಲೆಗಳಲ್ಲಿ ಆ ತೆರಪು ಹಾಗೆಯೇ ಇತ್ತು. ಕೊಳೆತ ನಾಲ್ಕರಲ್ಲಿ ಯಾರೋ ಅದನ್ನು ಸಿಮೆಂಟ್ ತುರುಕಿ ಮುಚ್ಚಿದ್ದರು. ಕಲ್ಲುಗಳನ್ನು ತೊಳೆದು ಅದೇ ಜಾಗದಲ್ಲಿ ಕೂರಿಸಿ, ತೆರಪನ್ನು ಮತ್ತೆ ಬಿಟ್ಟೆವು.

ಜನವರಿ ಮೊದಲ ವಾರ: ಕಟ್ಟಡದ ವಯಸ್ಸು

ಕೆಲಸ ನಿಂತಿದ್ದ ಈ ವಾರದಲ್ಲಿ ಹಿಂದಿನ ಮಾಡಿನ ಹೆಂಚುಗಳನ್ನು ಇಳಿಸಿ ಉಜ್ಜಿದೆ. ಒಂದರ ಬೆನ್ನಿನ ಮೇಲೆ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯ ಅಚ್ಚು, ಪಕ್ಕದಲ್ಲಿ 1865 ಎಂಬ ಅಂಕೆ. ಕಟ್ಟಡ 1865ರದೆಂದು ಓಣಿಯವರಿಗೆಲ್ಲ ಹೇಳಿಬಿಟ್ಟೆ. ಅದು ತಪ್ಪು. 1865 ಎಂಬುದು ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಆರಂಭವಾದ ವರ್ಷ. ಬಹುಕಾಲದ ನಂತರ ಸುಟ್ಟ ಹೆಂಚಿನ ಮೇಲೂ ಅದೇ ಅಂಕೆ ಇರುತ್ತದೆ. ಇನ್ನೊಂದು ಸಾಲಿನ ಹೆಂಚುಗಳಲ್ಲಿ ಕಾಮನ್‌ವೆಲ್ತ್ ಟ್ರಸ್ಟ್‌ನ ಹೆಸರಿತ್ತು. ಮೊದಲನೆಯ ಮಹಾಯುದ್ಧದ ತರುವಾಯ ಮಿಷನ್ನಿನ ಕಾರ್ಖಾನೆಗಳು ಆ ಟ್ರಸ್ಟ್‌ನ ಕೈಗೆ ಹೋದುದರಿಂದ, ಆ ಸಾಲನ್ನು ಯುದ್ಧದ ಬಳಿಕ ಹೊದಿಸಿದರೆಂದು ಮಾತ್ರ ಧೈರ್ಯವಾಗಿ ಹೇಳಬಹುದು.

ಹೆಚ್ಚು ಉಪಯೋಗಕ್ಕೆ ಬಂದ ಸಾಕ್ಷಿ ಸಿಕ್ಕಿದ್ದು ಅಂಗಡಿಯ ಬಾಗಿಲಿನ ಮೇಲೆ. ನಾಮಫಲಕದ ಹಿಂದಿನ ಪ್ಲೈವುಡ್ ತೆಗೆದಾಗ ಎಂಟು ಅಡಿ ತೆರಪಿನ ಕಬ್ಬಿಣದ ತೊಲೆಯೊಂದು ಕಂಡಿತು. ಅದರ ಹೊಟ್ಟೆಯ ಮೇಲೆ ಇಂಗ್ಲೆಂಡಿನ ಮಿಡಲ್ಸ್‌ಬರೋದ ಡಾರ್ಮನ್ ಲಾಂಗ್ ಕಂಪನಿಯ ಉಬ್ಬಕ್ಷರ. ಜಮ್‌ಶೆಡ್‌ಪುರದಲ್ಲಿ ಟಾಟಾ ಉಕ್ಕು ಹೊರಬರಲು ಶುರುವಾದದ್ದು 1912ರಲ್ಲಿ. ಅದಕ್ಕೂ ಮೊದಲು, ಅದರ ನಂತರವೂ ಬಹಳ ಕಾಲ, ಇಂಥ ತೊಲೆಗಳು ಹಡಗಿನಲ್ಲಿ ಬರುತ್ತಿದ್ದವು. ತೊಲೆಯ ಎರಡು ತುದಿಗಳಲ್ಲಿ ಮುರಿದ ಕಮಾನಿನ ಬುಡಗಳು ಉಳಿದಿದ್ದವು, ಅದರ ಮೇಲಿನ ಇಟ್ಟಿಗೆಯ ದಪ್ಪ 3 ಇಂಚು. ಉಳಿದ ಗೋಡೆಯದೆಲ್ಲ ಎರಡೂಕಾಲು ಇಂಚಿನ ಇಟ್ಟಿಗೆ. ಅಂದರೆ ಮುಖಕ್ಕೆ ಮೊದಲು ಮೂರು ಕಮಾನುಗಳಿದ್ದವು. ಅಂಗಡಿಯ ಬಾಯಿ ಅಗಲ ಮಾಡಲು ಯಾರೋ ಒಂದು ಕಂಬವನ್ನೂ ಎರಡು ಕಮಾನುಗಳನ್ನೂ ತೆಗೆದು ಈ ತೊಲೆಯನ್ನು ಕೊಟ್ಟಿದ್ದಾರೆ.

ಕಮಾನು ತನ್ನ ಕಂಬಗಳನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಸಾಲಿನಲ್ಲಿ ಪಕ್ಕದ ಕಮಾನು ತಿರುಗಿ ತಳ್ಳುವುದರಿಂದ ಕಂಬ ನಿಲ್ಲುತ್ತದೆ. ಕಬ್ಬಿಣದ ತೊಲೆ ಹಾಗೆ ತಳ್ಳುವುದಿಲ್ಲ, ಕೆಳಕ್ಕೆ ಒತ್ತುತ್ತದೆ ಅಷ್ಟೆ. ಉಳಿದ ಒಂಟಿ ಕಮಾನಿನ ಕಂಬಕ್ಕೆ ತೂಗುಗುಂಡು ಇಳಿಬಿಟ್ಟಾಗ ಅದು ಬಾಗಿಲಿನ ಕಡೆಗೆ 11 ಮಿಲಿಮೀಟರ್ ವಾಲಿತ್ತು. ನೆತ್ತಿಯ ಬಿರುಕಿನ ಕಾರಣ ಅದು. ಅಲ್ಲಿಯವರೆಗೆ ನಾನು ಅದನ್ನು ಪಾಯದ ದೋಷವೆಂದುಕೊಂಡು, ನೆಲ ಅಗೆಯಿಸುವ ಯೋಚನೆಯಲ್ಲಿದ್ದೆ.

ಜನವರಿ 8ರಿಂದ 13: ಇಟ್ಟಿಗೆ ಕೂರಿಸಿದ್ದು

ಏಳೂವರೆ ಅಡಿ ಅಗಲ, ಹನ್ನೊಂದು ಅಡಿ ಉದ್ದದ ಭಾಗವನ್ನು ಹೊಸದಾಗಿ ಕಟ್ಟಬೇಕಿತ್ತು. ತಾರಸಿ ಇಟ್ಟಿಗೆ 6 ಇಂಚು ಉದ್ದ, 3 ಇಂಚು ಅಗಲ, 1 ಇಂಚು ದಪ್ಪದ ಚಿಕ್ಕ ಬಿಲ್ಲೆ. ಹಳೆಯವು 600 ಕೈಗೆ ಹತ್ತಿದವು. ಇನ್ನು 900ನ್ನು ಸಾಗಾಟ ಸೇರಿ ತಲಾ 14 ರೂಪಾಯಿಗೆ ತಮಿಳುನಾಡಿನಿಂದ ತರಿಸಿದೆ.

ಈ ಕೆಲಸವನ್ನು ಹತ್ತಿರದಿಂದ ನೋಡಿದ ಆರು ದಿನಗಳನ್ನು ನಾನು ಮರೆಯಲಾರೆ. ಕೆಳಗೆ ಹಲಗೆಯಿಲ್ಲ, ಸೆಂಟ್ರಿಂಗ್ ಇಲ್ಲ. ಮೇಸ್ತ್ರಿ ಮೂಲೆಯಲ್ಲಿ ಕುಳಿತು, ನೆನೆಸಿದ ಇಟ್ಟಿಗೆಯ ಒಂದು ಮೈಗೂ ಒಂದು ತುದಿಗೂ ಗಾರೆ ಸವರಿ, ತೊಲೆಗೆ ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಹಿಂದಿನ ಇಟ್ಟಿಗೆಗೆ ಒತ್ತುತ್ತಿದ್ದರು. ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಹೆಬ್ಬೆರಳಿನಿಂದ ಹಿಡಿದು ಕೈಬಿಟ್ಟರೆ ಅದು ಗಾಳಿಯಲ್ಲಿ ಅಂಟಿಕೊಂಡು ನಿಲ್ಲುತ್ತಿತ್ತು. ಹೀಗೆ ಓರೆ ಸಾಲುಗಳು ಒಂದು ತೊಲೆಯಿಂದ ಇನ್ನೊಂದಕ್ಕೆ ದಾಟುತ್ತ ಹೋದವು. ಗಾರೆಗೆ ಒಂದು ಪಾಲು ಸುಣ್ಣ, ಒಂದು ಪಾಲು ಇಟ್ಟಿಗೆ ಪುಡಿ, ಒಂದು ಪಾಲು ಮರಳು. ಕಲಸಲು 60 ಲೀಟರ್ ನೀರಿಗೆ 3 ಕಿಲೋ ಬೆಲ್ಲ, ಒಂದೂವರೆ ಕಿಲೋ ಜಜ್ಜಿದ ಅಳಲೆಕಾಯಿ ಹಾಕಿ ನೆನೆಸಿ ಸೋಸಿದ ನೀರು. ಮೊದಲ ದಿನ ನಾನು ಬಿಲ್ಲೆಗಳನ್ನು ಸರಿಯಾಗಿ ನೆನೆಸಿರಲಿಲ್ಲ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿದ್ದರಿಂದ ಹಿಡಿತ ಬರದೆ, ಸಂಜೆಯೊಳಗೆ ಮೂವತ್ತಕ್ಕೂ ಹೆಚ್ಚು ಉದುರಿದವು. ಮರುದಿನದಿಂದ ಡ್ರಮ್ಮಿನಲ್ಲಿ ಎರಡು ಗಂಟೆ ಮುಳುಗಿಸಿ, ಮೇಲಿನ ನೀರು ಆರಿದ ಬಳಿಕವೇ ಕೊಟ್ಟೆ.

ಜನವರಿ 22ರಿಂದ ಫೆಬ್ರವರಿ 20: ಮೇಲಿನ ಪದರಗಳು

ಇಟ್ಟಿಗೆಯ ಮೇಲೆ ಮುಕ್ಕಾಲು ಇಂಚಿನ ಇಟ್ಟಿಗೆ ಜಲ್ಲಿಯನ್ನು ಸುಣ್ಣದ ಗಾರೆಯಲ್ಲಿ ಕಲಸಿ ನಾಲ್ಕು ಇಂಚು ಹರಡಿ, ಬೆಲ್ಲದ ನೀರು ಚಿಮುಕಿಸುತ್ತ ಮರದ ಕೊಡತಿಗಳಿಂದ ಮೂರು ದಿನ ಬಡಿದು ಮೂರು ಇಂಚಿಗೆ ಇಳಿಸಿದೆವು. ಕೊಡತಿ ಪುಟಿದು ಏಳುವವರೆಗೆ ಬಡಿಯಬೇಕು. ಹಳೆಯ ಸುಣ್ಣದ ಪದರ ಗಟ್ಟಿಯಿದ್ದ ಕಡೆ ಅದನ್ನು ಮುಟ್ಟಲಿಲ್ಲ. ಹಳೆಯದು ಮತ್ತು ಹೊಸದು ಕೂಡುವಲ್ಲಿ ಒಂದು ಅಡಿ ಅಗಲ ಮೆಟ್ಟಿಲಾಗಿ ಕೆತ್ತಿ, ಒಂದರ ಮೇಲೊಂದು ಹೊಂದಿಸಿದೆವು. ಮೇಲೆ ಚಪ್ಪಟೆ ಹೆಂಚು, 22 ಅಡಿಗೆ ನಾಲ್ಕೂವರೆ ಇಂಚು ಇಳಿಜಾರು. ಎಲ್ಲದರ ಮೇಲೆ ನೆನೆದ ಗೋಣಿಚೀಲ ಹೊದಿಸಿ 21 ದಿನ ದಿನಕ್ಕೆ ಮೂರು ಹೊತ್ತು ನೀರು ಕೊಟ್ಟೆವು.

ಮಾರ್ಚ್: ಪಶ್ಚಿಮದ ಗೋಡೆಯ ಗಿಲಾವು

ಮಾರ್ಚ್ ತಿಂಗಳ ಬಿಸಿಲಿನಲ್ಲಿ ಪಶ್ಚಿಮದ ಗೋಡೆಗೆ ಮಧ್ಯಾಹ್ನ ಗಿಲಾವು ಹಾಕಿಸಿದ್ದು ತಪ್ಪಾಯಿತು. ನಾಲ್ಕನೆಯ ದಿನಕ್ಕೆ ಜೇಡರ ಬಲೆಯಂಥ ಬಿರುಕು ಹರಡಿತು. ಅದನ್ನು ತೆಗೆಯದೆ, ಒದ್ದೆ ಮಾಡಿ, ಮರದ ಮಣೆಯಿಂದ ಮತ್ತೆ ತಿಕ್ಕಿಸಿ, ಸಾರವೆಗೆ ಗೋಣಿಯ ಪರದೆ ಕಟ್ಟಿಸಿದ್ದರಿಂದ ಬಹುಪಾಲು ಮುಚ್ಚಿಕೊಂಡಿತು. ಉಳಿದ ಗೋಡೆಗೆ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಮಾತ್ರ ಕೆಲಸ ನಡೆಯಿತು.

ಖರ್ಚು

ಜಾಕ್ ಬಾಡಿಗೆ 7,800, ಒಡೆದ ಮಾಲಿನ ಸಾಗಾಟ 8,500, ತಾರಸಿ ಇಟ್ಟಿಗೆ 12,600, ಸಾಗುವಾನಿ 9,500, ಬೋಲ್ಟ್ 2,240, ಬಡಗಿಯ ಕೂಲಿ 9,100, ಸುಣ್ಣ, ಇಟ್ಟಿಗೆ ಪುಡಿ, ಜಲ್ಲಿ, ಮರಳು, ಬೆಲ್ಲ, ಅಳಲೆಕಾಯಿ ಮತ್ತು ತೊಟ್ಟಿ ಸೇರಿ 38,400, ಚಪ್ಪಟೆ ಹೆಂಚು 13,600, ಮೇಸ್ತ್ರಿಗೆ 41 ದಿನಕ್ಕೆ 49,200, ಆಳುಗಳ 78 ದಿನಕ್ಕೆ 58,500, ಎಂಜಿನಿಯರ್ ಶುಲ್ಕ 15,000. ಒಟ್ಟು 2,24,440 ರೂಪಾಯಿ. ನನ್ನ ತಪ್ಪುಗಳನ್ನು ತಿದ್ದಿದ 9,450 ಇದರಲ್ಲಿಯೇ ಸೇರಿದೆ; ಹಿಂದಿನ ಬಣ್ಣದ 18,500 ಸೇರಿಲ್ಲ.

ಮೇ ಮತ್ತು ಜೂನ್: ಮಳೆ, ಮತ್ತು ಉಳಿದ ಕೆಲಸ

ತಾರಸಿಯ ಮೇಲೆ ನೀರು ಕಟ್ಟಿ ಪರೀಕ್ಷಿಸಲು ಕೆಲವರು ಹೇಳಿದರು. ಒಂದು ಇಂಚು ನೀರೆಂದರೂ ಆರುನೂರು ಕಿಲೋ ಮೀರುವುದರಿಂದ ನಾನು ಒಪ್ಪದೆ ಮಳೆಗೆ ಕಾದೆ. ಮೇ ತಿಂಗಳ ಮೊದಲ ಜೋರು ಮಳೆಯ ರಾತ್ರಿ ಮೇಲಿನ ಕೋಣೆಯಲ್ಲಿಯೇ ಮಲಗಿದ್ದೆ. ಹೊಸ ಭಾಗದಲ್ಲಿ ತೇವ ಕಾಣಲಿಲ್ಲ. ಹಳೆಯದು ಹೊಸದನ್ನು ಕೂಡುವ ಗೆರೆಯಲ್ಲಿ ಒಂದು ಕಡೆ ಅಂಗೈಯಷ್ಟು ಕಲೆ ಮೂಡಿತು. ಅಲ್ಲಿ ಎರಡು ಹೆಂಚು ಎತ್ತಿ ಸಂದನ್ನು ಮತ್ತೆ ತುಂಬಿಸಿದ ಮೇಲೆ ಬಂದ ಮೂರು ಮಳೆಗಳಲ್ಲಿ ಆ ಜಾಗ ಒಣಗಿಯೇ ಇತ್ತು.

ಕಮಾನು ಬಾಕಿ ಉಳಿದಿದೆ. ಬಿರುಕಿಗೆ ಸುಣ್ಣದ ಹಾಲು ತುಂಬಿಸಿದರೆ ಸಾಕೇ, ಅಥವಾ ಕಂಬಗಳನ್ನು ಕಬ್ಬಿಣದ ಸರಳಿನಿಂದ ಎಳೆದು ಕಟ್ಟಬೇಕೇ ಎಂಬುದನ್ನು ಒಂದು ಪೂರ್ತಿ ಮಳೆಗಾಲ ನೋಡಿ ತೀರ್ಮಾನಿಸೋಣವೆಂದು ಎಂಜಿನಿಯರ್ ಹೇಳಿದ್ದಾರೆ. ಸರಳು ಹಾಕಿದರೆ ಅದು ಮುಖದ ಮೇಲೆ ಕಾಣುತ್ತದೆ. ಆದರೂ ಕಮಾನು ಉಳಿಯುವುದಾದರೆ ನನಗೆ ಒಪ್ಪಿಗೆಯಿದೆ. ಡಿಸೆಂಬರ್‌ನಲ್ಲಿ ಒಡೆದ ಗಾಜಿನ ಜಾಗಕ್ಕೆ ಜನವರಿ 12ರಂದು ಹೊಸದನ್ನು ಅಂಟಿಸಿದ್ದೆ. ಜೂನ್ 9ರಂದು ಏಣಿ ಹಾಕಿ ನೋಡಿದಾಗ ಮೂರೂ ಪಟ್ಟಿಗಳು ಹಾಗೆಯೇ ಇದ್ದವು, ಬಿರುಕಿನ ಅಳತೆ 4 ಮಿಲಿಮೀಟರ್, ಕಂಬದ ವಾಲು 11 ಮಿಲಿಮೀಟರ್. ಮುಂದಿನ ಅಳತೆ ಜುಲೈ 9ಕ್ಕೆ.